ಧಾರಾವಾಹಿಗೆ ಆಂಬುಲೆನ್ಸ್ ದೃಶ್ಯ ಬರೆಯುವುದು, ಚಿತ್ರೀಕರಿಸುವುದು ಹೇಗೆ: ಕಾಸರಗೋಡಿನ ಬರಹಗಾರರಿಗೆ, ನಾಟಕ ತಂಡಗಳಿಗೆ

ಧಾರಾವಾಹಿಯಲ್ಲಿ ಆಂಬುಲೆನ್ಸ್ ಬಂದರೆ ಮುಂದೆ ಏನಾಗುತ್ತದೆ ಎಂಬುದು ನೋಡುವವರಿಗೆ ಬಾಯಿಪಾಠ. ಸೈರನ್, ಮಾನಿಟರಿನಲ್ಲಿ ನೇರ ಗೆರೆ, ಬಿಳಿ ಕೋಟಿನವರೊಬ್ಬರು ಇಸ್ತ್ರಿಪೆಟ್ಟಿಗೆಯಂಥ ಎರಡು ಪ್ಯಾಡಲ್ ಉಜ್ಜಿ ಎದೆಗೆ ಇಡುವುದು, ರೋಗಿ ಒಂದಡಿ ಮೇಲಕ್ಕೆ ಹಾರುವುದು, ಗೆರೆ ಮತ್ತೆ ಕುಣಿಯುವುದು, ಕಣ್ಣು ಬಿಟ್ಟು 'ಅಮ್ಮಾ' ಎನ್ನುವುದು. ಸೈರನ್ ಒಂದನ್ನು ಬಿಟ್ಟರೆ ಇದರಲ್ಲಿ ಯಾವುದೂ ಹಾಗೆ ನಡೆಯುವುದಿಲ್ಲ.

ಹಾಗೆಂದು ಧಾರಾವಾಹಿ ವೈದ್ಯಕೀಯ ಪಾಠ ಆಗಬೇಕೆಂದಿಲ್ಲ. ಯಕ್ಷಗಾನದಲ್ಲಿ ಬಾಣ ತಾಗಿದವನು ಎದ್ದು ಹತ್ತು ನಿಮಿಷ ಪದ್ಯಕ್ಕೆ ಕುಣಿದರೂ ಯಾರೂ ಆಕ್ಷೇಪಿಸುವುದಿಲ್ಲ. ಅದು ರಂಗದ ಕಟ್ಟು ಎಂದು ಎಲ್ಲರಿಗೂ ಗೊತ್ತು. ಟಿವಿಯ ತೊಂದರೆ ಬೇರೆ. ಅಲ್ಲಿ ನಮ್ಮದೇ ಮನೆಯಂಥ ಮನೆ, ನಮ್ಮದೇ ರಸ್ತೆಯಂಥ ರಸ್ತೆ ಕಾಣುತ್ತದೆ. ಹಾಗಾಗಿ ನೋಡಿದ್ದು ನಿಜವೆಂದು ಮನಸ್ಸಿನಲ್ಲಿ ಕೂರುತ್ತದೆ. ಎಲ್ಲಿ ನಿಜಕ್ಕೆ ಅಂಟಿಕೊಳ್ಳಬೇಕು, ಎಲ್ಲಿ ಸಡಿಲ ಬಿಡಬಹುದು ಎಂಬುದಕ್ಕೆ ಒಂದು ಅಳತೆಗೋಲು ಇಟ್ಟುಕೊಳ್ಳಿ: ನೋಡುಗ ನಾಳೆ ತನ್ನ ಕೈಯಾರೆ ಮಾಡಬಹುದಾದ ಕೆಲಸ ತೆರೆಯ ಮೇಲೆ ತಪ್ಪಾಗಬಾರದು. ನೋಡುಗ ಎಂದೂ ಮಾಡದ ಕೆಲಸ ಸ್ವಲ್ಪ ಆಚೀಚೆ ಆದರೆ ಅಡ್ಡಿಯಿಲ್ಲ. ವೆಂಟಿಲೇಟರಿನ ಬಟನ್ ತಪ್ಪು ಒತ್ತಿದರೆ ನರ್ಸುಗಳು ನಗುತ್ತಾರೆ, ಅಷ್ಟೆ. ಮರದಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕುವುದನ್ನು ತೋರಿಸಿದರೆ ಯಾರದೋ ಬೆನ್ನುಹುರಿ ಹೋಗುತ್ತದೆ.

ಮೊದಲು ಗಾಡಿ ಯಾವುದೆಂದು ತೀರ್ಮಾನಿಸಿ

ಚಿತ್ರಕಥೆಯಲ್ಲಿ 'ಆಂಬುಲೆನ್ಸ್ ಬರುತ್ತದೆ' ಎಂದು ಬರೆದರೆ ಸಾಲದು. ಯಾರ ಆಂಬುಲೆನ್ಸ್, ಒಳಗೆ ಯಾರಿದ್ದಾರೆ, ಏನಿದೆ ಎಂಬುದರ ಮೇಲೆ ಇಡೀ ದೃಶ್ಯ ನಿಂತಿದೆ. ಭಾರತದಲ್ಲಿ ಆಂಬುಲೆನ್ಸ್ ವಾಹನಗಳಿಗೆ ಇರುವ ಎಐಎಸ್-125 ಮಾನದಂಡ ನಾಲ್ಕು ವಿಧ ಹೇಳುತ್ತದೆ: ಎ ಎಂದರೆ ಮೊದಲು ತಲುಪುವ ಸಹಾಯಕನ ವಾಹನ, ಬಿ ಬರೀ ರೋಗಿ ಸಾಗಿಸುವುದು, ಸಿ ಮೂಲಭೂತ ಜೀವರಕ್ಷಣೆ, ಡಿ ಹೆಚ್ಚಿನ ಜೀವರಕ್ಷಣೆ. ನಮ್ಮ ಕಡೆ ಊರಿನ ಸಂಘದ್ದು, ಮಸೀದಿ ಕಮಿಟಿಯದ್ದು, ಖಾಸಗಿಯವರದ್ದು ಎಂದು ಓಡುವ ಎಷ್ಟೋ ಗಾಡಿಗಳಲ್ಲಿ ಡ್ರೈವರ್ ಒಬ್ಬನೇ. ಸ್ಟ್ರೆಚರ್, ಆಕ್ಸಿಜನ್ ಸಿಲಿಂಡರ್, ಹಿಂದೆ ಮನೆಯವರು, ಅಷ್ಟೇ. ಆ ಗಾಡಿಯಲ್ಲಿ ಡಿಫಿಬ್ರಿಲೇಟರ್, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ತೋರಿಸಬೇಡಿ. ಗಾಡಿಯಲ್ಲಿ ಏನೂ ಇಲ್ಲ, ಡ್ರೈವರ್‌ಗೆ ಹಿಂದೆ ತಿರುಗಲೂ ಆಗುವುದಿಲ್ಲ, ಅಜ್ಜನ ಉಸಿರು ನಿಧಾನವಾಗುತ್ತಿದೆ ಎಂದು ಮಗಳಿಗೆ ಮಾತ್ರ ಕಾಣುತ್ತಿದೆ ಎಂಬುದೇ ದೊಡ್ಡ ದೃಶ್ಯ.

108 ಗಾಡಿಯಲ್ಲಿ ಇಬ್ಬರು: ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಿಬ್ಬಂದಿ, ಮತ್ತು ಪೈಲಟ್ ಎಂದು ಕರೆಯುವ ಡ್ರೈವರ್. ಕೇರಳದ 108 ಸೇವೆಗೆ 'ಕನಿವ್' ಎಂದು ಹೆಸರು, 2019ರಲ್ಲಿ ಶುರುವಾದದ್ದು. ಕರ್ನಾಟಕದ 'ಆರೋಗ್ಯ ಕವಚ' 2008ರದ್ದು. ಕೇರಳದಲ್ಲಿ ಹಿಂದೆ ಕೂರುವವರು ಹೆಚ್ಚಾಗಿ ನರ್ಸಿಂಗ್ ಕಲಿತವರು, ಆದ್ದರಿಂದ ಮನೆಯವರ ಬಾಯಲ್ಲಿ 'ಸಿಸ್ಟರ್' ಬರಲಿ. ಡಾಕ್ಟರ್ ಇರುವುದಿಲ್ಲ. ಸಮವಸ್ತ್ರ, ಕೈಗವಸು, ಮಾಸ್ಕ್ ಇರಲಿ. ಮುಖ ಕಾಣಬೇಕೆಂದು ಮಾಸ್ಕ್ ಕೆಳಗಿಳಿಸಿದರೆ ಕ್ಷಮಿಸಬಹುದು, ಕೈಗವಸು ಬಿಡುವುದು ಬೇಡ.

ಡಾಕ್ಟರ್ ಇಲ್ಲದೆ ಮಾತುಕತೆ ಹೇಗೆ ಎಂಬ ಚಿಂತೆ ಬೇಡ. 1972ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ 'ಎಮರ್ಜೆನ್ಸಿ!' ಎಂಬ ಸರಣಿ ಶುರುವಾಯಿತು. ಲಾಸ್ ಏಂಜಲೀಸ್ ಕೌಂಟಿ ಅಗ್ನಿಶಾಮಕ ದಳದ ಪ್ಯಾರಾಮೆಡಿಕ್ ಇಬ್ಬರ ಕಥೆ. ಅವರು ಸ್ಥಳದಿಂದ ರೇಡಿಯೊದಲ್ಲಿ ಆಸ್ಪತ್ರೆಯ ವೈದ್ಯರಿಗೆ ರಕ್ತದೊತ್ತಡ, ನಾಡಿ ಹೇಳಿ, ಅಪ್ಪಣೆ ಕೇಳಿ, ಮತ್ತೆ ಮದ್ದು ಕೊಡುತ್ತಿದ್ದರು. ಒಣ ಅಂಕಿಅಂಶದ ಆ ಮಾತೇ ಜನರನ್ನು ಹಿಡಿದು ಕೂರಿಸಿತು. ನಮ್ಮ 108 ವ್ಯವಸ್ಥೆಯಲ್ಲೂ ಕಾಲ್ ಸೆಂಟರಿನಲ್ಲಿ ಕೂತ ವೈದ್ಯರ ಸಲಹೆ ಕೇಳುವ ಕ್ರಮ ಇದೆ. ಒಂದು ಫೋನು, ಸ್ಪೀಕರ್ ಆನ್, ಈಚೆ ಸಿಸ್ಟರ್, ಆಚೆ ಮುಖ ಕಾಣದ ಡಾಕ್ಟರ್. ಒಬ್ಬ ನಟನ ಖರ್ಚೂ ಉಳಿಯಿತು.

ಕರೆ: ಗಡಿನಾಡಿನ ದೃಶ್ಯ ಶುರುವಾಗುವುದೇ ಇಲ್ಲಿ

ಧಾರಾವಾಹಿಗಳಲ್ಲಿ 'ಬೇಗ ಆಂಬುಲೆನ್ಸ್ ಕಳಿಸಿ' ಎಂದು ಕೂಗಿ ಫೋನ್ ಇಡುತ್ತಾರೆ. ಇದು ನೋಡುಗರು ಹಾಗೆಯೇ ಕಲಿತುಬಿಡುವ ತಪ್ಪು. ಕರೆ ತೆಗೆದವರು ಕೇಳುವುದು: ಸ್ಥಳ ಎಲ್ಲಿ, ಗುರುತು ಏನು, ಏನಾಯಿತು, ಎಷ್ಟು ಜನರಿಗೆ, ಎಚ್ಚರ ಇದೆಯೇ, ಉಸಿರಾಡುತ್ತಿದ್ದಾರೆಯೇ, ನಿಮ್ಮ ನಂಬರ್ ಯಾವುದು. ಅವರೇ ಇಡಿ ಎನ್ನುವವರೆಗೆ ಫೋನ್ ಇಡಬಾರದು.

ಇನ್ನು ಭಾಷೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಅಜ್ಜಿ 108 ಒತ್ತಿದರೆ ಆ ಕಡೆಯಿಂದ ಬರುವುದು ಮಲಯಾಳ. 'ಸ್ಥಲಂ ಎವಿಡೆಯಾಣ್?' ಎಂದರೆ ಅಜ್ಜಿಗೆ ಅರ್ಥವಾಗುತ್ತದೆ, ಗಾಬರಿಯಲ್ಲಿ ಉತ್ತರ ಮಾತ್ರ ಕನ್ನಡದಲ್ಲೇ ಹೊರಡುತ್ತದೆ: 'ಭಜನಾ ಮಂದಿರದ ಹತ್ರ ಎಡಕ್ಕೆ, ಮತ್ತೆ ಹಾಲಿನ ಸೊಸೈಟಿ ದಾಟಿ ಕೆಳಗೆ'. ಆ ಕಡೆಯವರಿಗೆ ಪಂಚಾಯತ್ ಹೆಸರು ಬೇಕು, ಅಜ್ಜಿ ಹೇಳುತ್ತಿರುವುದು ತರವಾಡಿನ ಹೆಸರು. ಕಾಲೇಜಿಗೆ ಹೋಗುವ ಮೊಮ್ಮಗ ಫೋನ್ ಕಸಿದುಕೊಂಡು ಮಲಯಾಳದಲ್ಲಿ ಹೇಳುತ್ತಾನೆ. ಇದಿಷ್ಟಕ್ಕೆ ನಲವತ್ತು ಸೆಕೆಂಡು ಸಾಕು. ಬೆಂಗಳೂರಿನ ಯಾವ ಸ್ಟುಡಿಯೊದವರೂ ಬರೆಯಲಾಗದ ದೃಶ್ಯ ಇದು. ಗಡಿಗೆ ತಾಗಿದ ಊರಾದರೆ ಇನ್ನೊಂದು ತೊಡಕು: ಮೊಬೈಲ್ ಆಚೆ ಬದಿಯ ಟವರ್ ಹಿಡಿದಿದ್ದರೆ ಕರೆ ಕರ್ನಾಟಕದ ಕಡೆಗೆ ಹೋಗಲೂಬಹುದು. ರಾಜ್ಯ, ಜಿಲ್ಲೆ ಮೊದಲೇ ಹೇಳುವ ಪಾತ್ರವನ್ನು ಜಾಣನನ್ನಾಗಿ ತೋರಿಸಿ.

ಮರದಿಂದ ಬಿದ್ದವನನ್ನು ಎತ್ತುವ ದೃಶ್ಯ

ಕಾರು ಅಪಘಾತ ಚಿತ್ರೀಕರಿಸಲು ದುಡ್ಡು ಬೇಕು, ರಸ್ತೆ ಬೇಕು. ಅಡಿಕೆ ತೋಟ ಪ್ರತಿ ಮನೆಯ ಹಿಂದೆ ಇದೆ. ಮಳೆಗಾಲದಲ್ಲಿ ಮದ್ದು ಬಿಡುವ ಹೊತ್ತು, ಪಾಚಿ ಕಟ್ಟಿ ಜಾರುವ ಮರ, ಮೈಲುತುತ್ತಿನ ನೀಲಿ ಹತ್ತಿದ ಅಂಗಿ. ಬಿದ್ದವನನ್ನು ನಟ ನರಳುತ್ತಾ ಹೊರಳಾಡುವಂತೆ ತೋರಿಸುವುದು ರೂಢಿ. ಬೆನ್ನುಮೂಳೆಗೆ ಪೆಟ್ಟಾದವನು ಹಾಗೆ ಹೊರಳುವುದಿಲ್ಲ. ಬಿದ್ದಲ್ಲೇ ಇರುತ್ತಾನೆ, ಮಾತಾಡುತ್ತಾನೆ, ಕಾಲು ಮಾತ್ರ ತನ್ನದಲ್ಲ ಎನ್ನುತ್ತಾನೆ. ಆ ಶಾಂತಿಯೇ ಹೆಚ್ಚು ಭಯ ಹುಟ್ಟಿಸುತ್ತದೆ.

ಕ್ರಮ ಹೀಗೆ. ಮೊದಲು ತಲುಪಿದವನು ತಲೆಯ ಹಿಂಬದಿ ಮಂಡಿಯೂರಿ, ಎರಡೂ ಅಂಗೈಯಿಂದ ತಲೆಯನ್ನು ಇದ್ದ ಹಾಗೆಯೇ ಹಿಡಿದುಕೊಳ್ಳುತ್ತಾನೆ. ಕತ್ತು ನೇರ ಮಾಡುತ್ತೇನೆಂದು ಎಳೆಯುವುದಿಲ್ಲ. 'ಅಣ್ಣಾ, ತಲೆ ಆಡಿಸ್ಬೇಡಿ. ನನ್ನ ಮಾತು ಕೇಳ್ತದಾ? ಕಾಲಿನ ಬೆರಳು ಆಡಿಸ್ಲಿಕ್ಕೆ ಆಗ್ತದಾ?' ಇಷ್ಟೇ ಸಂಭಾಷಣೆ ಸಾಕು. ನೀರು ಕುಡಿಸುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗಬಹುದು, ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಹುದು. ಧಾರಾವಾಹಿಯಲ್ಲಿ ಮೊದಲು ಓಡಿ ಬರುವುದೇ ನೀರಿನ ಚೊಂಬು ಎಂಬುದನ್ನು ಗಮನಿಸಿ. ಇಎಂಟಿ ಬಂದ ಮೇಲೆ ಕತ್ತು ಅಲುಗದಂತೆ ಹಿಡಿಯುವ ಗಟ್ಟಿ ಪಟ್ಟಿ, ಕಾಲರ್. ಕಾಲರ್ ಹಾಕಿದ ಮೇಲೂ ತಲೆ ಹಿಡಿದವನು ಕೈ ಬಿಡುವಂತಿಲ್ಲ, ಬೋರ್ಡಿಗೆ (ಬೆನ್ನು ಅಲುಗದಂತೆ ಮಲಗಿಸಿ ಒಯ್ಯುವ ಹಲಗೆ) ಕಟ್ಟುವವರೆಗೆ. ಮಗುಚುವಾಗ ಮೂವರು ಒಂದೇ ಬದಿಯಲ್ಲಿ ಮಂಡಿಯೂರುತ್ತಾರೆ: ಒಬ್ಬನ ಕೈ ಭುಜ ಮತ್ತು ಸೊಂಟದಲ್ಲಿ, ಇನ್ನೊಬ್ಬನದು ಸೊಂಟ ಮತ್ತು ತೊಡೆಯಲ್ಲಿ, ಮೂರನೆಯವನದು ಮೊಣಕಾಲು ಮತ್ತು ಕಣಕಾಲಿನಲ್ಲಿ. ಎಣಿಕೆ ಹೇಳುವುದು ತಲೆ ಹಿಡಿದವನು ಮಾತ್ರ. ಮೂರಕ್ಕೆ ಎಲ್ಲರೂ ಒಟ್ಟಿಗೆ ತಮ್ಮ ಕಡೆಗೆ ಮಗುಚುತ್ತಾರೆ, ಬೋರ್ಡ್ ಹಿಂದಿನಿಂದ ಜಾರಿ ಬರುತ್ತದೆ. ಪಟ್ಟಿ ಕಟ್ಟುವಾಗ ಮೊದಲು ಎದೆ, ಸೊಂಟ, ಕಾಲು; ಕೊನೆಗೆ ತಲೆ. ತಲೆ ಮೊದಲು ಕಟ್ಟಿದರೆ ಮೈ ಜಾರಿದಾಗ ಕತ್ತು ತಿರುಚುತ್ತದೆ.

ಗುಂಪಿನ ನಟರಿಗೆ ಇದನ್ನು ಹತ್ತು ಸಲವಾದರೂ ಅಭ್ಯಾಸ ಮಾಡಿಸಿ. ತಪ್ಪುವುದು ಎರಡು ಕಡೆ. ಎಲ್ಲರೂ ಎಣಿಸಲು ಶುರುಮಾಡುತ್ತಾರೆ. ಮತ್ತೆ ಕಾಲಿನ ಬದಿಯವನು ಮೊದಲೇ ಎತ್ತುತ್ತಾನೆ, ಕಾಲು ಹಗುರ ಎಂಬ ಕಾರಣಕ್ಕೆ.

ಆಮೇಲಿನದ್ದು ದಾರಿ. ಗಾಡಿ ನಿಂತಿರುವುದು ಮೇಲೆ ರಸ್ತೆಯಲ್ಲಿ. ನಡುವೆ ತೋಡು, ತೋಡಿಗೆ ಎರಡು ಅಡಿಕೆ ಮರದ ಸಂಕ, ಮತ್ತೆ ಕಲ್ಲಿನ ಮೆಟ್ಟಿಲು. ಚಕ್ರದ ಸ್ಟ್ರೆಚರ್ ಅಂಗಳಕ್ಕೂ ಬರುವುದಿಲ್ಲ. ಸಂಕದಲ್ಲಿ ಇಬ್ಬರು ಅಕ್ಕಪಕ್ಕ ನಡೆಯಲಾಗುವುದಿಲ್ಲ; ಆದ್ದರಿಂದ ತೋಡು ಇಳಿದು ನೀರಲ್ಲೇ ದಾಟುತ್ತಾರೆ, ಬೋರ್ಡನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಏರು ಹತ್ತುವಾಗ ತಲೆ ಮೇಲ್ಬದಿಗೆ ಇರುವಂತೆ ತಿರುಗಿಸಿ ಒಯ್ಯುತ್ತಾರೆ. ನಿಜದ ರಂಜನೆ ಇರುವುದು ಇಲ್ಲಿ: ಆರು ಜನ, ಒಂದು ಹಲಗೆ, ಕೆಸರು. ಹಿನ್ನೆಲೆ ಸಂಗೀತ ಬೇಡ, ಉಸಿರಾಟ ಮತ್ತು 'ನಿಧಾನ, ನಿಧಾನ' ಎಂಬ ಮಾತು ಸಾಕು. ಒಂದು ಎಚ್ಚರಿಕೆ: ತೋಡಿನ ಶಾಟಿನಲ್ಲಿ ಬೋರ್ಡಿನ ಮೇಲೆ ನಟನನ್ನು ಕಟ್ಟಿ ಮಲಗಿಸಬೇಡಿ. ಜಾರಿದರೆ ಕಟ್ಟಿದವನು ಈಜಲಾರ. ದೂರದ ಶಾಟಿಗೆ ಅಂಗಿ ತೊಡಿಸಿದ ಬೊಂಬೆ, ಹತ್ತಿರದ ಶಾಟಿಗೆ ಒಣ ನೆಲ.

ಹೃದಯ ನಿಂತಾಗ: ತೆರೆಯ ದೊಡ್ಡ ಸುಳ್ಳು

1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಮೂರು ಟಿವಿ ಕಾರ್ಯಕ್ರಮಗಳ 97 ಕಂತು ನೋಡಿ, ಅವುಗಳಲ್ಲಿ ನಡೆದ 60 ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಬದುಕಿಸಲು ಯತ್ನಿಸುವುದು) ಪ್ರಸಂಗಗಳನ್ನು ಎಣಿಸಿದರು. 75 ಶೇಕಡ ರೋಗಿಗಳು ಆ ಕ್ಷಣಕ್ಕೆ ಬದುಕಿದರು, 67 ಶೇಕಡ ಮನೆಗೆ ಹೋಗುವಷ್ಟು ಗುಣವಾದಂತೆ ಕಂಡರು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ನಿಜಕ್ಕೆ ಬದುಕುವವರು ಇದರ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ವಿಷಯ: ತೆರೆಯ ಮೇಲೆ ಹೃದಯ ನಿಂತವರು ಹೆಚ್ಚಾಗಿ ಮಕ್ಕಳು, ಹರೆಯದವರು. ನಿಜದಲ್ಲಿ ಹೆಚ್ಚಾಗಿ ವಯಸ್ಸಾದವರು. ಇದರಿಂದಾಗುವ ನಷ್ಟ ನಿಜವಾದದ್ದು: ಆಸ್ಪತ್ರೆಯ ಜಗಲಿಯಲ್ಲಿ ನಿಂತ ಮಗ 'ಶಾಕ್ ಕೊಡಿ, ಯಾಕೆ ಕೊಡುವುದಿಲ್ಲ' ಎಂದು ನರ್ಸಿನ ಮೇಲೆ ಏರಿಹೋಗುತ್ತಾನೆ, ಟಿವಿಯಲ್ಲಿ ನೋಡಿದ್ದಾನಲ್ಲ.

ನೇರ ಗೆರೆಗೆ ಶಾಕ್ ಕೊಡುವುದಿಲ್ಲ. ಶಾಕ್ ಕೆಲಸ ಮಾಡುವುದು ಹೃದಯ ಅಂಕೆ ತಪ್ಪಿ ನಡುಗುತ್ತಿರುವಾಗ, ಮಾನಿಟರಿನಲ್ಲಿ ಗೆರೆ ಅಡ್ಡಾದಿಡ್ಡಿಯಾಗಿ ಕುಣಿಯುತ್ತಿರುವಾಗ. ಆ ನಡುಕವನ್ನು ಒಮ್ಮೆ ನಿಲ್ಲಿಸಿ, ಹೃದಯಕ್ಕೆ ತನ್ನ ತಾಳ ಮತ್ತೆ ಹಿಡಿಯಲು ಅವಕಾಶ ಕೊಡುವುದಷ್ಟೇ ಶಾಕ್. ಗೆರೆ ನೇರವಾಗಿದ್ದರೆ ನಿಲ್ಲಿಸಲು ಏನೂ ಉಳಿದಿರುವುದಿಲ್ಲ. ಆಗ ಇರುವುದು ಎದೆ ಒತ್ತುವುದು, ಮತ್ತು ಗಾಡಿಯಲ್ಲಿ ಅನುಮತಿ, ಮದ್ದು ಎರಡೂ ಇದ್ದರೆ 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್, ರಕ್ತನಾಳಕ್ಕೆ. ಎದೆಗೆ ಚುಚ್ಚುವ ಉದ್ದ ಸೂಜಿಯನ್ನು ಪೆಟ್ಟಿಗೆಯೊಳಗೇ ಇಡಿ, ಆ ಕ್ರಮ ಬಿಟ್ಟುಹೋಗಿ ಬಹಳ ಕಾಲವಾಯಿತು. ಗೆರೆ ಸಟ್ಟನೆ ನೇರವಾದರೆ ಅನುಭವಿ ಇಎಂಟಿ ಮೊದಲು ನೋಡುವುದು ರೋಗಿಯನ್ನು, ಆಮೇಲೆ ಎದೆಗೆ ಅಂಟಿಸಿದ ವೈರನ್ನು. ಕಳಚಿದ ವೈರ್ ಕೂಡ ನೇರ ಗೆರೆ ತೋರಿಸುತ್ತದೆ. ಒಂದು ಕಂತಿನ ಕೊನೆಯ ಕೊಂಡಿಗೆ ಇಷ್ಟೇ ಸಾಕಲ್ಲ.

ಪ್ಯಾಡಲ್ ಬದಲು ಅಂಟಿಸುವ ಪ್ಯಾಡ್ ತೋರಿಸಿ: ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳದ ಕೆಳಗೆ ಪಕ್ಕೆಯಲ್ಲಿ. ಎದೆ ಒದ್ದೆಯಾಗಿದ್ದರೆ ಬೈರಾಸಿನಿಂದ ಒರೆಸಬೇಕು. 'ಯಾರೂ ಮುಟ್ಟಬೇಡಿ' ಎಂದು ಕೂಗಿ, ಸುತ್ತ ನೋಡಿ, ಮತ್ತೆ ಬಟನ್. ಮೈ ಹಾರುವುದಿಲ್ಲ, ಭುಜ ಒಮ್ಮೆ ಅದುರುತ್ತದೆ, ಅಷ್ಟೆ. ಶಾಕ್ ಆದ ಕೂಡಲೇ ಎಲ್ಲರೂ ಮಾನಿಟರ್ ನೋಡುತ್ತಾ ನಿಲ್ಲುವುದು ಟಿವಿಯ ಕ್ರಮ. ನಿಜದಲ್ಲಿ ಆ ಕ್ಷಣವೇ ಮತ್ತೆ ಎದೆ ಒತ್ತಲು ಶುರು, ಎರಡು ನಿಮಿಷ ಕಳೆದ ಮೇಲೆ ಪರೀಕ್ಷೆ.

ಈಗ ಒತ್ತುವುದು. ಇದು ನೋಡುಗ ನಾಳೆ ಮಾಡಬಹುದಾದ ಕೆಲಸ, ಆದ್ದರಿಂದ ಇಲ್ಲಿ ರಿಯಾಯಿತಿ ಇಲ್ಲ. ಗಟ್ಟಿ ನೆಲ, ಹಾಸಿಗೆ ಅಲ್ಲ. ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು. ಮೊಣಕೈ ನೇರ, ಭುಜ ಕೈಯ ಮೇಲೆ ಲಂಬವಾಗಿ. ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120, ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. 30 ಒತ್ತು, 2 ಉಸಿರು. ಎರಡು ನಿಮಿಷಕ್ಕೆ ಕೈ ಬದಲಾವಣೆ, ಯಾಕೆಂದರೆ ಅಷ್ಟರಲ್ಲಿ ಒತ್ತುವವನಿಗೆ ಗೊತ್ತಾಗದೆಯೇ ಆಳ ಕಡಿಮೆಯಾಗಿರುತ್ತದೆ.

ಬದುಕಿರುವ ನಟನ ಎದೆ ಒತ್ತುವಂತಿಲ್ಲ. ಮೆಲ್ಲಗೆ ಒತ್ತುತ್ತೇನೆ ಎನ್ನುವುದೂ ಬೇಡ. ಹಾಗೆ ಮೆಲ್ಲಗೆ ಒತ್ತುವುದರಿಂದಲೇ ಟಿವಿಯಲ್ಲಿ ಮೊಣಕೈ ಮಡಚುತ್ತದೆ, ಮತ್ತು ಊರೆಲ್ಲ ಮೊಣಕೈ ಮಡಚಿ ಒತ್ತಲು ಕಲಿಯುತ್ತದೆ. ದೃಶ್ಯವನ್ನು ನಾಲ್ಕು ಶಾಟಾಗಿ ಒಡೆಯಿರಿ. ಮೊದಲನೆಯದು ದೂರದಿಂದ: ನಟ ಮಲಗಿದ್ದಾನೆ, ಸಿಸ್ಟರ್ ಮಂಡಿಯೂರಿ ಕೈ ಇಡುತ್ತಾಳೆ, ಒತ್ತುವ ಮೊದಲೇ ಕಟ್. ಎರಡನೆಯದು ತರಬೇತಿ ಬೊಂಬೆಗೆ ನಟನದ್ದೇ ಅಂಗಿ ತೊಡಿಸಿ ಕತ್ತಿನಿಂದ ಸೊಂಟದವರೆಗೆ ಮಾತ್ರ. ಇಲ್ಲಿ ನಿಜದ ಆಳಕ್ಕೆ ಒತ್ತಲಿ. ಮೂರನೆಯದು ಸಿಸ್ಟರ್‌ನ ಭುಜ ಮತ್ತು ಮುಖ, ಬೊಂಬೆ ಫ್ರೇಮಿನ ಕೆಳಗೆ. ನಾಲ್ಕನೆಯದು ನೆಲಮಟ್ಟದಿಂದ ನಟನ ಮುಖ, ಫ್ರೇಮಿನ ಹೊರಗೆ ಯಾರಾದರೂ ತಾಳಕ್ಕೆ ಸರಿಯಾಗಿ ಭುಜ ಮೆಲ್ಲಗೆ ಅಲುಗಿಸಲಿ. ಮೊಬೈಲಿನಲ್ಲಿ ಮೆಟ್ರೊನೋಮ್ (ತಾಳ ಬಡಿಯುವ ಆ್ಯಪ್) ನಿಮಿಷಕ್ಕೆ 110ಕ್ಕೆ ಇಟ್ಟು ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಶಾಟುಗಳು ತಾಳ ತಪ್ಪುವುದಿಲ್ಲ. ಆ ವೇಗದಲ್ಲಿ 30 ಒತ್ತಿಗೆ ಸುಮಾರು 16 ಸೆಕೆಂಡು. ಒಂದು ಸುತ್ತು ಪೂರ್ತಿ ತೋರಿಸುವ ಧೈರ್ಯ ಮಾಡಿ. ರಂಗದ ಮೇಲಾದರೆ ರೋಗಿಯ ಆಚೆ ಬದಿಗೆ ದಿಂಬು ಇಟ್ಟು ದಿಂಬನ್ನು ಒತ್ತಿ, ಒತ್ತುವವರ ಬೆನ್ನು ಸಭೆಗೆ ಓರೆಯಾಗಿರಲಿ.

ಶಬ್ದದವರಿಗೆ ಒಂದು ಮಾತು: ಪಕ್ಕೆಲುಬು ಮುರಿಯುವ ಸದ್ದು ನಿಜದಲ್ಲಿ ಕೇಳುತ್ತದೆ, ವಯಸ್ಸಾದವರಲ್ಲಿ ಹೆಚ್ಚು. ಹಾಗೆಯೇ ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಮೀನು ಬಾಯಿ ತೆರೆದಂತೆ ಆಗೊಮ್ಮೆ ಈಗೊಮ್ಮೆ ಏದುಸಿರು ಬರಬಹುದು. ಮನೆಯವರು ಅದನ್ನು ಉಸಿರಾಟ ಎಂದು ತಿಳಿದು ಸುಮ್ಮನಾಗುತ್ತಾರೆ. ಈ ಒಂದನ್ನು ಸರಿಯಾಗಿ ತೋರಿಸಿ, 'ಅದು ಉಸಿರಲ್ಲ, ಒತ್ತಿ' ಎಂದು ಪಾತ್ರದ ಬಾಯಲ್ಲಿ ಹೇಳಿಸಿದರೆ ಸಾಕಷ್ಟು ಕೆಲಸವಾಯಿತು. ಮತ್ತೆ, ನಾಡಿ ಮರಳಿದರೆ ರೋಗಿ ಎದ್ದು ಕೂರುವುದಿಲ್ಲ. ಪ್ರಜ್ಞೆ ಇಲ್ಲದೆ ಮಲಗಿರುತ್ತಾನೆ, ಯಾರೋ ಬ್ಯಾಗ್ ಒತ್ತಿ ಉಸಿರು ಕೊಡುತ್ತಿರುತ್ತಾರೆ. ಓಡುವ ಗಾಡಿಯಲ್ಲಿ ಒಬ್ಬಳೇ ಸಿಸ್ಟರ್ ಒತ್ತುವುದೂ ಉಸಿರು ಕೊಡುವುದೂ ಎಷ್ಟು ಕಷ್ಟ ಎಂಬುದನ್ನು ತೋರಿಸಲು ತಿರುವಿನಲ್ಲಿ ಅವಳು ವಾಲುವ ಒಂದು ಶಾಟ್ ಸಾಕು.

ಆಕ್ಸಿಜನ್ ಮಾಸ್ಕ್ ತಲೆಕೆಳಗಾಗಿ ಹಾಕಬೇಡಿ, ಕಿರಿದಾದ ತುದಿ ಮೂಗಿನ ಕಡೆ. ಕೆಳಗೆ ಚೀಲ ಇರುವ ಮಾಸ್ಕ್ ಆದರೆ ಚೀಲ ಉಬ್ಬಿರಬೇಕು. ಧಾರಾವಾಹಿಗಳಲ್ಲಿ ಅದು ಯಾವಾಗಲೂ ಒಣಗಿ ಜೋತಿರುತ್ತದೆ, ಆ ರೋಗಿ ನಿಜಕ್ಕೂ ಉಸಿರುಕಟ್ಟಿ ಸತ್ತಾನು. ಸಿಲಿಂಡರಿನ ಲೆಕ್ಕವನ್ನೂ ಕಥೆಗೆ ಬಳಸಿ: ಬಿ ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಎರಡೂವರೆ ಗಂಟೆ. ಅರ್ಧ ಖಾಲಿಯಾದ ಸಿಲಿಂಡರ್, ಹೆದ್ದಾರಿಯಲ್ಲಿ ಬ್ಲಾಕ್, ವಿಲನ್ ಬೇಕಾಗಿಲ್ಲ.

ಹಾವು, ಅಪಸ್ಮಾರ, ವಿಷ, ಹೆರಿಗೆ

ಹಾವು ಕಚ್ಚಿದ ದೃಶ್ಯದಲ್ಲಿ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಲ್ಲಿ ಕೊಯ್ಯುವುದು, ನಾಯಕ ಬಾಯಿಟ್ಟು ಹೀರುವುದು, ಮೂರೂ ನಿಲ್ಲಬೇಕು. ಧೈರ್ಯ ಹೇಳಿ, ಕಚ್ಚಿದ ಕೈಕಾಲನ್ನು ಮುರಿದ ಎಲುಬಿಗೆ ಕಟ್ಟುವಂತೆ ಹಲಗೆ ಕೊಟ್ಟು ಅಲುಗದಂತೆ ಮಾಡಿ, ಉಂಗುರ, ಬಳೆ, ಕಾಲುಗೆಜ್ಜೆ ಬಿಚ್ಚಿ, ನಡೆಸದೆ ಆಸ್ಪತ್ರೆಗೆ. ಪ್ರತಿವಿಷ ಸಾಮಾನ್ಯವಾಗಿ ಕೊಡುವುದು ಆಸ್ಪತ್ರೆಯಲ್ಲಿ, ಗಾಡಿಯಲ್ಲಲ್ಲ. ನಮ್ಮ ದೇಶದ ಪ್ರತಿವಿಷ ನಾಗರ, ಕಡಂಬಳ, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ. ಪಶ್ಚಿಮ ಘಟ್ಟದ ಬದಿಯ ತೋಟಗಳಲ್ಲಿ ಸಿಗುವ, ಮೂಗಿನ ತುದಿ ಮೇಲಕ್ಕೆ ಚಾಚಿದ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಆಸ್ಪತ್ರೆಯ ದೃಶ್ಯಕ್ಕೆ ಒಂದು ಅದ್ಭುತ ಸಾಧನ ಇದೆ: 20 ನಿಮಿಷದ ರಕ್ತ ಪರೀಕ್ಷೆ. 2 ಮಿಲಿಲೀಟರ್ ರಕ್ತವನ್ನು ಒಣಗಿದ, ಶುದ್ಧ ಗಾಜಿನ ಕೊಳವೆಯಲ್ಲಿ ಅಲುಗಿಸದೆ ಇಟ್ಟು, 20 ನಿಮಿಷಕ್ಕೆ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದರ್ಥ. ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ. ಮೇಜಿನ ಮೇಲೆ ಕೊಳವೆ, ಗೋಡೆಯಲ್ಲಿ ಗಡಿಯಾರ, ಬೆಂಚಿನಲ್ಲಿ ಮನೆಯವರು. ಕಡಂಬಳದ್ದು ಇನ್ನೊಂದು ಬಗೆ: ರಾತ್ರಿ ನೆಲದಲ್ಲಿ ಮಲಗಿದವನಿಗೆ ಕಚ್ಚಿದ್ದೇ ಗೊತ್ತಿರುವುದಿಲ್ಲ, ಬೆಳಗಿನ ಜಾವ ಹೊಟ್ಟೆನೋವು, ಮತ್ತೆ ರೆಪ್ಪೆ ಜೋಲುವುದು. ನಾಗನ ವಿಷಯ ನಮ್ಮಲ್ಲಿ ಸೂಕ್ಷ್ಮ, ಮನೆಯವರು ಹರಕೆ ಹೊರುವುದನ್ನು ಬರೆಯಿರಿ, ತಪ್ಪಿಲ್ಲ; ಗಾಡಿಯೊಳಗೆ ಕೂತು ಹೊರಲಿ.

ಅಪಸ್ಮಾರ ಬಂದವನ ಕೈಗೆ ಕಬ್ಬಿಣದ ಕೀಲಿಕೈ, ಬಾಯಿಗೆ ಚಮಚ ಎಂಬ ದೃಶ್ಯ ದಯವಿಟ್ಟು ಬರೆಯಬೇಡಿ. ಮಗ್ಗುಲಿಗೆ ಮಲಗಿಸುವುದು, ತಲೆಯಡಿಗೆ ಮೆತ್ತಗಿನದ್ದು ಇಡುವುದು, ಹೊತ್ತು ನೋಡಿಕೊಳ್ಳುವುದು. ಐದು ನಿಮಿಷ ದಾಟಿದರೆ ತುರ್ತು.

ವಿಷ ಕುಡಿದ ದೃಶ್ಯದಲ್ಲಿ ಹೆಸರು, ಪ್ರಮಾಣ, ವಿಧಾನ ಯಾವುದೂ ಬೇಡ. ಇದು ಬರೀ ಸಭ್ಯತೆಯ ಮಾತಲ್ಲ. ಬ್ರಿಟನ್ನಿನ ಒಂದು ಜನಪ್ರಿಯ ಆಸ್ಪತ್ರೆ ಧಾರಾವಾಹಿಯಲ್ಲಿ ಮಾತ್ರೆ ಮಿತಿಮೀರಿ ನುಂಗುವ ಕಥೆ ಬಂದ ಮೇಲಿನ ವಾರದಲ್ಲಿ, ವಿಷ ಸೇವಿಸಿ ಆಸ್ಪತ್ರೆಗೆ ಬಂದವರ ಸಂಖ್ಯೆ 17 ಶೇಕಡ ಹೆಚ್ಚಾಯಿತು ಎಂದು 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ವರದಿ ಮಾಡಿತ್ತು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದನ್ನೂ ತೋರಿಸಬೇಡಿ. ಕಂತಿನ ಕೊನೆಗೆ ಟೆಲಿ-ಮಾನಸ್ ಸಂಖ್ಯೆ 14416 ಹಾಕಿ.

ಗಾಡಿಯಲ್ಲೇ ಹೆರಿಗೆಯಾಗುವುದು 108ರವರಿಗೆ ಹೊಸದಲ್ಲ. ಬಿಸಿನೀರು ಕಾಯಿಸಿ ಎಂದು ಯಾರೂ ಕೂಗುವುದಿಲ್ಲ. ಕಿಟ್ ಒಡೆಯುತ್ತಾರೆ, ಗಾಡಿ ಬದಿಗೆ ನಿಲ್ಲಿಸುತ್ತಾರೆ, ಪೈಲಟ್ ಹೊರಗೆ ನಿಂತು ಬಾಗಿಲು ಕಾಯುತ್ತಾನೆ. ಮಗುವನ್ನು ಕಾಲು ಹಿಡಿದು ತಲೆಕೆಳಗು ಮಾಡಿ ಹೊಡೆಯುವುದಿಲ್ಲ. ಒರೆಸಿ, ಅಮ್ಮನ ಎದೆಗೆ ತಾಗಿಸಿ ಮುಚ್ಚಿ, ಒಂದರಿಂದ ಮೂರು ನಿಮಿಷ ಕಳೆದು ಎರಡು ಕಡೆ ಕ್ಲಿಪ್ ಹಾಕಿ ನಡುವೆ ಬಳ್ಳಿ ಕತ್ತರಿಸುತ್ತಾರೆ. ಮೂರು ತಿಂಗಳ ದಷ್ಟಪುಷ್ಟ ಕೂಸನ್ನು ಆಗಷ್ಟೇ ಹುಟ್ಟಿದ್ದೆಂದು ತೋರಿಸುವುದಕ್ಕಿಂತ ಬಟ್ಟೆಯೊಳಗಿನ ಅಳು ಕೇಳಿಸಿದರೆ ಸಾಕು.

ರಸ್ತೆ ಮತ್ತು ಗಡಿ

ಸೈರನ್ ಉದ್ದಕ್ಕೂ ಬೇಡ. ಕಿವಿಗಡಚಿಕ್ಕುವ ಸದ್ದಿನಲ್ಲಿ ಸ್ಟೆತಸ್ಕೋಪಿಗೆ ಏನೂ ಕೇಳುವುದಿಲ್ಲ. ಹೊರಗಿನ ಶಾಟಿಗೆ ಸೈರನ್, ಒಳಗಿನ ಶಾಟಿಗೆ ಮಂದ ಸದ್ದು, ಪರೀಕ್ಷೆಯ ಕ್ಷಣಕ್ಕೆ ಪೈಲಟ್ ಅದನ್ನು ನಿಲ್ಲಿಸಲಿ. ದಾರಿ ಬಿಡದ ಕಾರಿನವನ ಪಾತ್ರವಿದ್ದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಅದಕ್ಕೆ 10,000 ರೂಪಾಯಿವರೆಗೆ ದಂಡ ಇದೆ ಎಂಬುದು ನೆನಪಿರಲಿ.

ವೇಗವನ್ನು ವೈಭವೀಕರಿಸುವ ಮೊದಲು 2019ರ ಏಪ್ರಿಲ್ 16 ನೋಡಿ. ಕಾಸರಗೋಡಿನ ದಂಪತಿಯ 15 ದಿನದ ಮಗುವನ್ನು ಹೃದಯ ಚಿಕಿತ್ಸೆಗಾಗಿ ಮಂಗಳೂರಿನಿಂದ ಕೊಚ್ಚಿಗೆ, ಸುಮಾರು 400 ಕಿಲೋಮೀಟರ್, ಐದೂವರೆ ಗಂಟೆಯಲ್ಲಿ ಒಯ್ದರು. ಮೊದಲು ಹೊರಟದ್ದು ತಿರುವನಂತಪುರಕ್ಕೆ; ದಾರಿಯಲ್ಲಿ ಸರಕಾರ ಮಧ್ಯೆ ಬಂದು ಕೊಚ್ಚಿಗೆ ತಿರುಗಿಸಿತು. ಗಾಡಿ ಓಡಿಸಿದವನಷ್ಟೇ, ಊರೂರಿನಲ್ಲಿ ರಸ್ತೆ ಖಾಲಿ ಮಾಡಿಸಿದವರೂ ಅದರ ಪಾತ್ರಗಳು. ಎದುರಿನ ವಾಹನವನ್ನು ತಪ್ಪಿಸಿ ಹಾರುವ ಸಾಹಸ ಇಲ್ಲದೆಯೂ ಉಸಿರು ಬಿಗಿಹಿಡಿಸುವ ಕಥೆ.

ನಮ್ಮ ರೋಗಿ ಉತ್ತರಕ್ಕೆ ಮಂಗಳೂರಿಗೋ, ದಕ್ಷಿಣಕ್ಕೆ ಪರಿಯಾರದ ಮೆಡಿಕಲ್ ಕಾಲೇಜಿಗೋ ಎಂಬ ಚರ್ಚೆ ಪ್ರತಿ ಮನೆಯಲ್ಲೂ ಆಗುತ್ತದೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. 108 ಸಾಮಾನ್ಯವಾಗಿ ಹತ್ತಿರದ ಸೂಕ್ತ ಸರಕಾರಿ ಆಸ್ಪತ್ರೆಗೆ ಒಯ್ಯುತ್ತದೆ. ಮನೆಯವರು ಮಂಗಳೂರು ಎಂದು ಹಟ ಹಿಡಿದರೆ ಖಾಸಗಿ ಗಾಡಿ ಹುಡುಕುವುದು, ಬಾಡಿಗೆ ಮಾತಾಡುವುದು, ಭಾವ ದುಡ್ಡು ಹೊಂದಿಸುವುದು. ಕಥೆ 2020ರಲ್ಲಿ ನಡೆಯುವುದಾದರೆ ಗಡಿಯ ತಲಪಾಡಿ ಚೆಕ್‌ಪೋಸ್ಟನ್ನು ಬಿಡುವಂತಿಲ್ಲ. ಆ ಮಾರ್ಚ್ ಕೊನೆಗೆ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿ ಮುಚ್ಚಿತು, ಮಂಗಳೂರಿಗೆ ಹೊರಟ ರೋಗಿಗಳು ಹಿಂದೆ ಬಂದರು, ಸಾವುಗಳಾದವು, ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅದನ್ನು ಬರೆಯುವಾಗ ಬ್ಯಾರಿಕೇಡಿನ ಪೊಲೀಸನನ್ನು ರಾಕ್ಷಸ ಮಾಡುವುದು ಸುಲಭದ ದಾರಿ. ಅವನಿಗೂ ಮೇಲಿನಿಂದ ಬಂದ ಕಾಗದ ಒಂದೇ ಗೊತ್ತು.

'ಇದು ಪೊಲೀಸ್ ಕೇಸ್, ಅವರು ಬರದೆ ನಾವು ಮುಟ್ಟುವುದಿಲ್ಲ' ಎಂಬ ಡಾಕ್ಟರ್ ಸಂಭಾಷಣೆಯನ್ನು ಹೊಡೆದುಹಾಕಿ. ತುರ್ತು ಚಿಕಿತ್ಸೆಗೆ ಪೊಲೀಸರನ್ನು ಕಾಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವನ್ನು ತಂದವನಿಗೆ ಕಿರುಕುಳ ಕೊಡುವಂತಿಲ್ಲ ಎಂಬ ರಕ್ಷಣೆ 2016ರ ತೀರ್ಪಿನಲ್ಲಿ ಗಟ್ಟಿಯಾಗಿ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 134ಎ ಕಲಮಾಗಿ ಬಂದಿದೆ. ಆ ಹಳೆಯ ಸಂಭಾಷಣೆ ಕೇಳಿ ಕೇಳಿಯೇ ಜನ ಅಪಘಾತ ಕಂಡರೆ ಬೈಕ್ ನಿಲ್ಲಿಸದೆ ಹೋಗುವುದು.

ಆಸ್ಪತ್ರೆ ಬಾಗಿಲಿನಲ್ಲಿ ಒಪ್ಪಿಸುವ ಮಾತು ಚುಟುಕಾಗಿರಲಿ: 'ನಲವತ್ತೆರಡು ವರ್ಷ, ಗಂಡಸು. ಒಂಬತ್ತೂವರೆಗೆ ಮರದಿಂದ ಬಿದ್ದದ್ದು, ಸುಮಾರು ಇಪ್ಪತ್ತಡಿ. ಎಚ್ಚರ ಉಂಟು, ಮಾತಾಡ್ತಾರೆ. ಎದೆಯಿಂದ ಕೆಳಗೆ ಸ್ಪರ್ಶ ಇಲ್ಲ. ಬಿಪಿ ತೊಂಬತ್ತು ಐವತ್ತು, ಪಲ್ಸ್ ಐವತ್ತೆಂಟು. ಕಾಲರ್, ಬೋರ್ಡ್, ಆಕ್ಸಿಜನ್, ಒಂದು ಸಲೈನ್ ಹೋಗ್ತಾ ಉಂಟು.' ರಕ್ತದೊತ್ತಡ ಇಳಿದೂ ನಾಡಿ ನಿಧಾನವಿರುವುದು ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದ ಕೆಲವರಲ್ಲಿ ಕಾಣುತ್ತದೆ; ತಿಳಿದ ನೋಡುಗ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾನೆ. ನಂತರ ಸಹಿ, ಬೋರ್ಡ್ ವಾಪಸ್ ಪಡೆಯುವುದು, ಗಾಡಿ ತೊಳೆಯುವುದು, ಅಷ್ಟರಲ್ಲಿ ಇನ್ನೊಂದು ಕರೆ. ರೋಗಿಗೆ ಏನಾಯಿತೆಂದು ಇಎಂಟಿಗೆ ಹೆಚ್ಚಾಗಿ ತಿಳಿಯುವುದೇ ಇಲ್ಲ.

ಶೂಟಿಂಗಿನ ವ್ಯವಹಾರ

ಕೆಲಸದಲ್ಲಿರುವ 108 ಗಾಡಿಯನ್ನು ಕೇಳಲೇಬೇಡಿ. ಬಾಡಿಗೆಗೆ ಸಿಗುವ ಖಾಸಗಿ ಗಾಡಿ ತೆಗೆದುಕೊಳ್ಳಿ, ಆ ಹೊತ್ತಿಗೆ ಊರಿನಲ್ಲಿ ಬೇರೆ ಗಾಡಿ ಇದೆಯೇ ಎಂದು ಮಾಲಕರನ್ನು ಕೇಳಿ. ಸಾರ್ವಜನಿಕ ರಸ್ತೆಯಲ್ಲಿ ಸೈರನ್, ದೀಪ ಹಾಕಿ ಓಡಿಸಬೇಡಿ. ಸೈರನನ್ನು ಎಡಿಟಿಂಗ್‌ನಲ್ಲಿ ಸೇರಿಸಿ. ಆಸ್ಪತ್ರೆಯ ನಿಜ ಕ್ಯಾಶುವಲ್ಟಿಯಲ್ಲಿ ಚಿತ್ರೀಕರಿಸಿದರೆ ಹಿಂದೆ ಯಾರದೋ ಮುಖ ಬರುತ್ತದೆ, ಖಾಲಿ ಶಾಲೆಯ ಕೋಣೆಗೆ ಹಸಿರು ಪರದೆ ಕಟ್ಟುವುದು ಲೇಸು. ಡ್ರಿಪ್‌ಗೆ ಸೂಜಿ ತೆಗೆದ ಕ್ಯಾನುಲಾವನ್ನು (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಚುಚ್ಚದೆ ಟೇಪಿನಲ್ಲಿ ಅಂಟಿಸಿ.

ಇಎಂಟಿಯನ್ನೋ ನರ್ಸನ್ನೋ ಸಲಹೆಗೆ ಕರೆಯುವುದಾದರೆ ಶೂಟಿಂಗ್ ದಿನಕ್ಕಲ್ಲ, ಚಿತ್ರಕಥೆ ಬರೆಯುವಾಗಲೇ ಕರೆಯಿರಿ. ಶೂಟಿಂಗ್ ದಿನ ಬಂದವರು ತಪ್ಪು ತೋರಿಸಿದರೂ ನಿರ್ದೇಶಕ ಬೆಳಕು ಹೋಗುತ್ತಿದೆ ಎಂದು ಮುಂದೆ ಹೋಗುತ್ತಾನೆ. 'ಇದು ಸರಿಯಾ' ಎಂದು ಕೇಳಿದರೆ ಅವರು ಸಂಕೋಚಕ್ಕೆ ಹೌದೆನ್ನುತ್ತಾರೆ. 'ಇಲ್ಲಿ ನಿಮ್ಮ ಕೈ ಎಲ್ಲಿರ್ತದೆ, ಆಗ ಮನೆಯವರು ಎಂತ ಮಾಡ್ತಾ ಇರ್ತಾರೆ' ಎಂದು ಕೇಳಿ, ನೋಟ್ ಮಾಡಿಕೊಳ್ಳಿ. ಅವರ ಸಮಯಕ್ಕೆ ಸಂಭಾವನೆ ಕೊಡಿ; ಡ್ಯೂಟಿ ಮುಗಿಸಿ ನಿದ್ದೆ ಬಿಟ್ಟು ಬಂದಿರುತ್ತಾರೆ.